ಕೋಳಿ ಕಾಲಿನಲ್ಲಿ ಸಂಯೋಜಕ ಅಂಗಾಂಶ: ನೋಡಿ, ಮುಟ್ಟಿ, ಎಳೆದು ಕಲಿಯುವ ಸಮಗ್ರ ಮಾರ್ಗದರ್ಶಿ

ಒಂಬತ್ತನೇ ತರಗತಿಯ ಉತ್ತರ ಪತ್ರಿಕೆ ತಿದ್ದಲು ಕುಳಿತರೆ ನನಗೆ ಪ್ರತಿ ವರ್ಷ ಅವೇ ನಾಲ್ಕು ತಪ್ಪುಗಳು ಸಿಗುತ್ತವೆ. ಸ್ನಾಯುವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜು ಮತ್ತು ಎಲುಬನ್ನು ಎಲುಬಿಗೆ ಕಟ್ಟುವ ಅಸ್ಥಿರಜ್ಜು ಅದಲುಬದಲಾಗಿರುತ್ತವೆ. ಮೃದ್ವಸ್ಥಿ ಎಂದರೆ "ಇನ್ನೂ ಗಟ್ಟಿಯಾಗದ ಎಲುಬು" ಎಂದು ಬರೆದಿರುತ್ತಾರೆ. ರಕ್ತ ಸಂಯೋಜಕ ಅಂಗಾಂಶ (ಮೈಯ ಭಾಗಗಳನ್ನು ಜೋಡಿಸುವ, ಅವಕ್ಕೆ ಆಧಾರ ಕೊಡುವ ಅಂಗಾಂಶ) ಎಂಬ ಉತ್ತರ ಸರಿಯಿರುತ್ತದೆ, ಯಾಕೆ ಎಂದು ಕೇಳಿದರೆ ಮಾತಿಲ್ಲ. ನಾಲ್ಕನೆಯದು ಚಿತ್ರದ ತಪ್ಪು. ಜೀವಕೋಶಗಳನ್ನು ಇಟ್ಟಿಗೆ ಗೋಡೆಯ ಹಾಗೆ ಒತ್ತೊತ್ತಾಗಿ ಬಿಡಿಸಿರುತ್ತಾರೆ, ಮಧ್ಯೆ ಒಂದಿಷ್ಟೂ ಜಾಗವಿಲ್ಲ.

ಕೊಪ್ಪಳ ತಾಲ್ಲೂಕಿನ ಹೈಸ್ಕೂಲಿನ ಮಕ್ಕಳಷ್ಟೇ ಅಲ್ಲ, ಪಿಯುಸಿ ಸೇರಿ ನೀಟ್‌ಗೆ ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳೂ ಇಲ್ಲೇ ಎಡವುತ್ತಾರೆ. ಪಾಠ ಕಷ್ಟ ಎಂದಲ್ಲ, ಕಲಿಯುವ ಕ್ರಮ ತಲೆಕೆಳಗಾಗಿದೆ. ಮೊದಲು ಹೆಸರುಗಳ ಪಟ್ಟಿ, ಆಮೇಲೆ ಜೀವಕೋಶ, ಕೊನೆಗೆ ಸಮಯ ಉಳಿದರೆ ಮಾತೃಕೆ, ಅಂದರೆ ಜೀವಕೋಶಗಳ ನಡುವೆ ತುಂಬಿರುವ ವಸ್ತು. ಸಂಯೋಜಕ ಅಂಗಾಂಶವನ್ನು ಓದಬೇಕಾದದ್ದು ಉಲ್ಟಾ. ಜೀವಕೋಶಗಳ ನಡುವೆ ಏನಿದೆ ಎಂದು ಮೊದಲು ನೋಡಬೇಕು. ಉಳಿದದ್ದೆಲ್ಲ ಅಲ್ಲಿಂದಲೇ ಹುಟ್ಟುತ್ತದೆ.

ಕೆಳಗಿನದು ನಾನು ತರಗತಿಯಲ್ಲಿ ಮಾಡಿಸುವ ಕ್ರಮ. ಎರಡು ಪೀರಿಯಡ್ ಬೇಕು, ಎಲುಬಿನ ಪ್ರಯೋಗಕ್ಕೆ ಮಾತ್ರ ಒಂದು ವಾರ.

## ಶುರುವಿಗೆ ಮುಂಚೆ: ‘ನರ’ ಎಂಬ ಮಾತನ್ನು ಪಕ್ಕಕ್ಕಿಡಿ

ನಮ್ಮ ಕಡೆ ‘ನರ’ ಎಂಬ ಒಂದೇ ಮಾತು ಮೂರು ವಸ್ತುಗಳಿಗೆ ನಡೆಯುತ್ತದೆ. ಮುಂಗೈ ಮೇಲೆ ಹಸಿರಾಗಿ ಕಾಣುವ ರಕ್ತನಾಳವೂ ನರ. ಮುಷ್ಟಿ ಬಿಗಿದರೆ ಮಣಿಕಟ್ಟಿನಲ್ಲಿ ಸೆಟೆದು ನಿಲ್ಲುವ ಹುರಿಯೂ ನರ. ಮಿದುಳಿನ ಸಂದೇಶ ಒಯ್ಯುವುದೂ ನರವೇ. ಮನೆಯಲ್ಲಿ ಹೀಗೆ ಮಾತಾಡಿದರೆ ಏನೂ ತೊಂದರೆ ಇಲ್ಲ. ಪರೀಕ್ಷೆಯಲ್ಲಿ ತೊಂದರೆ ಇದೆ. ಮೊದಲನೆಯದು ರಕ್ತನಾಳ. ಎರಡನೆಯದು ಸ್ನಾಯುರಜ್ಜು, ಅದು ಸಂಯೋಜಕ ಅಂಗಾಂಶ. ಮೂರನೆಯದೊಂದೇ ನಿಜವಾದ ನರ.

ಇದನ್ನು ಮೊದಲ ದಿನವೇ ಬೋರ್ಡಿನ ಮೇಲೆ ಬರೆಯಿರಿ. ಇಲ್ಲದಿದ್ದರೆ ಕೋಳಿ ಕಾಲಿನಲ್ಲಿ ಬಿಳಿ ಹುರಿ ಕಂಡ ಕೂಡಲೇ ಇಡೀ ತರಗತಿ "ನರ, ನರ" ಎನ್ನುತ್ತದೆ. ಆಮೇಲೆ ಆ ಮಾತನ್ನು ಬಿಡಿಸುವುದು ಬಹಳ ಕಷ್ಟ.

## ಬೇಕಾಗುವ ಸಾಮಾನು

ಪೂರ್ತಿ ಕೋಳಿ ಬೇಡ. ಇಷ್ಟು ಸಾಕು:

- ಚರ್ಮ ಸಮೇತ ಒಂದು ಕೋಳಿ ಕಾಲು, ತೊಡೆಯಿಂದ ಕೆಳಗಿನ ಗಂಟಿನವರೆಗೆ
- ಉಗುರು, ಬೆರಳು ಸಮೇತ ಪಾದ ಒಂದು, ಬೇರೆಯಾಗಿ
- ಕತ್ತರಿ, ಚಿಮಟ, ಎರಡು ಸೂಜಿ, ಹಲ್ಲುಕಡ್ಡಿ
- ಸ್ಟೀಲ್ ಪರಾತ, ಕೈಗವಸು, ಹಳೆ ಪೇಪರ್, ಸೋಪು
- ಬಿಳಿ ವಿನೆಗರ್ ಒಂದು ಬಾಟಲಿ, ಗಾಜಿನ ಡಬ್ಬಿ
- ಸೂಕ್ಷ್ಮದರ್ಶಕ, ಸ್ಲೈಡು, ಕವರ್ ಸ್ಲಿಪ್, ಮೀಥಿಲೀನ್ ಬ್ಲೂ. ಇಲ್ಲದಿದ್ದರೆ ಭೂತಗನ್ನಡಿಯಾದರೂ ಇರಲಿ.
- ಉಪ್ಪುನೀರು: ಅರ್ಧ ಲೀಟರ್ ನೀರಿಗೆ 4.5 ಗ್ರಾಂ ಉಪ್ಪು

ಅಂಗಡಿಯಲ್ಲಿ ಮೊದಲೇ ಹೇಳಬೇಕು: "ಅಣ್ಣಾ, ಚರ್ಮ ತೆಗೀಬೇಡ್ರಿ, ಕಾಲು ತುಂಡು ಮಾಡಬೇಡ್ರಿ." ಹೇಳದಿದ್ದರೆ ಅಭ್ಯಾಸದಂತೆ ಚರ್ಮ ಕಿತ್ತು, ನಾಲ್ಕು ತುಂಡು ಮಾಡಿ ಕವರ್‌ಗೆ ಹಾಕುತ್ತಾರೆ. ಹಾಗಾದರೆ ಎರಡನೇ ಹಂತವೂ ನಾಲ್ಕನೇ ಹಂತವೂ ಹೋದವು ಎಂದೇ ಲೆಕ್ಕ.

ಬಾಯ್ಲರ್ ತರಬೇಕೋ ಜವಾರಿ ಕೋಳಿ ತರಬೇಕೋ ಎಂದು ಶಿಕ್ಷಕರು ಕೇಳುತ್ತಾರೆ. ಕೊಯ್ಯಲು ಬಾಯ್ಲರ್ ಸುಲಭ. ಅದು ಸುಮಾರು ಆರು ವಾರದ ಮರಿ, ಹಾಗಾಗಿ ಎಲುಬಿನ ತುದಿಯಲ್ಲಿ ಮೃದ್ವಸ್ಥಿ ಜಾಸ್ತಿ. ಬಲಿತ ಜವಾರಿ ಕೋಳಿಯ ಹುರಿಗಳು ಬಲು ಗಟ್ಟಿ. ವಯಸ್ಸಾದಂತೆ ಹುರಿಯಲ್ಲಿರುವ ಕೊಲ್ಯಾಜನ್ ಎಂಬ ಪ್ರೋಟೀನಿನ ನಾರುಗಳ ನಡುವಿನ ಕೊಂಡಿಗಳು ಬಿಗಿಯಾಗುತ್ತಾ ಹೋಗುತ್ತವೆ. ಜವಾರಿ ಕೋಳಿ ಬೇಯಲು ಹೊತ್ತು ಹಿಡಿಯುವುದಕ್ಕೆ ಇದೂ ಒಂದು ಕಾರಣ. ಸಾಧ್ಯವಾದರೆ ಎರಡರ ಪಾದವನ್ನೂ ತಂದು ಹೋಲಿಸಿ.

ಎಚ್ಚರಿಕೆ. ಕೊಪ್ಪಳ, ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ಪಾರಾ 40 ಡಿಗ್ರಿ ದಾಟುತ್ತದೆ. ಅಂಥ ಬಿಸಿಲಿನಲ್ಲಿ ಹಸಿ ಮಾಂಸ ಹೊರಗಿದ್ದರೆ ಒಂದು ಗಂಟೆಗೆಲ್ಲ ಕೆಡಲು ಶುರು. ಒಮ್ಮೆ ನಾನು ಬೆಳಗ್ಗೆ ತಂದದ್ದನ್ನು ಮಧ್ಯಾಹ್ನದ ಪೀರಿಯಡ್‌ವರೆಗೆ ಮೇಜಿನ ಮೇಲೆ ಇಟ್ಟಿದ್ದೆ. ವಾಸನೆಗೆ ಇಬ್ಬರು ಮಕ್ಕಳಿಗೆ ವಾಕರಿಕೆ ಬಂತು, ಪಾಠ ಅಲ್ಲಿಗೇ ನಿಂತಿತು. ಅಂದಿನಿಂದ ಈ ಪಾಠ ಬೆಳಗಿನ ಮೊದಲ ಪೀರಿಯಡ್‌ಗೇ, ಐಸ್ ಹಾಕಿದ ಡಬ್ಬಿಯಲ್ಲೇ ತರುತ್ತೇನೆ. ಮುಟ್ಟಿದರೆ ಲೋಳೆ ಲೋಳೆ ಅನಿಸಿದರೆ, ಹುಳಿ ವಾಸನೆ ಬಂದರೆ ಯೋಚಿಸದೆ ಬಿಸಾಡಿ.

## ಮಾಂಸ ಮುಟ್ಟದ ಮಕ್ಕಳಿಗೆ

ಪ್ರತಿ ತರಗತಿಯಲ್ಲೂ ಮಾಂಸ ಮುಟ್ಟದ ಮನೆಯ ಮಕ್ಕಳು ಇರುತ್ತಾರೆ. ಅವರನ್ನು ಒತ್ತಾಯ ಮಾಡಬೇಡಿ, ಹೊರಗೆ ಕೂರಿಸಲೂ ಬೇಡಿ. ಅವರಿಗೆ ಅವರ ಮೈಯೇ ಪ್ರಯೋಗಶಾಲೆ.

ಕಿವಿಯ ಮೇಲ್ಭಾಗ ಮಡಚಿ ಬಿಡಲಿ, ತಟ್ಟನೆ ಮೊದಲಿನಂತಾಗುತ್ತದೆ. ಅದು ಎಲಾಸ್ಟಿಕ್ ಮೃದ್ವಸ್ಥಿ. ಓಲೆ ಹಾಕುವ ಹಾಲೆಯನ್ನು ಮುಟ್ಟಲಿ, ಅಲ್ಲಿ ಮೃದ್ವಸ್ಥಿ ಇಲ್ಲ, ಸಡಿಲ ಅಂಗಾಂಶ ಮತ್ತು ಕೊಬ್ಬು ಇದೆ. ಹಿಮ್ಮಡಿಯ ಮೇಲೆ ಎರಡು ಬೆರಳಿಟ್ಟು ತುದಿಗಾಲಲ್ಲಿ ನಿಲ್ಲಲಿ. ಬೆರಳಿಗೆ ಸಿಗುವ ದಪ್ಪ ಹುರಿ ಮೀನಖಂಡದ ಸ್ನಾಯುವನ್ನು ಹಿಮ್ಮಡಿ ಎಲುಬಿಗೆ ಕಟ್ಟಿದ ಸ್ನಾಯುರಜ್ಜು. ಮುಂಗೈ ಚರ್ಮವನ್ನು ಚಿವುಟಿ ಎತ್ತಿದರೆ ಅದು ಸ್ನಾಯುವಿನ ಮೇಲೆ ಜಾರುತ್ತದೆ. ಹಾಗೆ ಜಾರಲು ಬಿಡುವುದು ಚರ್ಮದ ಕೆಳಗಿನ ಸಡಿಲ ಅಂಗಾಂಶ.

ಹೆಬ್ಬೆರಳನ್ನೂ ಕಿರುಬೆರಳನ್ನೂ ತಾಗಿಸಿ ಮಣಿಕಟ್ಟು ಮಡಚಿದರೆ ಮಧ್ಯದಲ್ಲಿ ಒಂದು ಹುರಿ ಎದ್ದು ಕಾಣುತ್ತದೆ. ಇದು ಎಲ್ಲರಲ್ಲೂ ಇರುವುದಿಲ್ಲ. ಕಾಣದ ಮಗು ಗಾಬರಿಯಾದರೆ, ಅದು ಇಲ್ಲದಿದ್ದರೂ ಕೈಯ ಶಕ್ತಿಗೆ ಏನೂ ಕಡಿಮೆಯಿಲ್ಲ ಎಂದು ಹೇಳಿ.

## ಹಂತ 1: ಹತ್ತಿಯಿಂದ ಶುರು ಮಾಡಿ

ಕೋಳಿ ಕಾಲು ಡಬ್ಬಿಯಲ್ಲೇ ಇರಲಿ. ಮೊದಲು ಒಂದು ಹಿಡಿ ಅರಳೆ, ಒಂದು ತುಂಡು ಹಗ್ಗ, ಹಳೆ ಹಾಸಿಗೆಯಿಂದ ತೆಗೆದ ಗಂಟುಗಟ್ಟಿದ ಹತ್ತಿ ಮೇಜಿನ ಮೇಲಿಡಿ. ರಾಯಚೂರಿನ ಹತ್ತಿ ಮಾರುಕಟ್ಟೆ ನೋಡಿದ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ.

ಮೂರೂ ಹತ್ತಿಯೇ. ಅರಳೆಯಲ್ಲಿ ನಾರು ಸಡಿಲ, ಮಧ್ಯೆ ಗಾಳಿ ಜಾಸ್ತಿ. ಹಗ್ಗದಲ್ಲಿ ನಾರೆಲ್ಲ ಒಂದೇ ದಿಕ್ಕಿಗೆ, ಎಳೆದರೆ ಕೀಳುವುದಿಲ್ಲ. ಹಾಸಿಗೆಯ ಹತ್ತಿಯಲ್ಲಿ ನಾರು ದಟ್ಟವಾಗಿದೆ, ಆದರೆ ಎಲ್ಲ ದಿಕ್ಕಿಗೂ ಹರಡಿದೆ. ಹಾಗಾಗಿ ಯಾವ ಕಡೆ ಎಳೆದರೂ ಸ್ವಲ್ಪ ತಡೆಯುತ್ತದೆ.

ಈಗ ಹೋಲಿಕೆ ಹೇಳಿ. ಅರಳೆಯ ಹಾಗಿರುವುದು ಏರಿಯೋಲಾರ್, ಅಂದರೆ ಸಡಿಲ ಸಂಯೋಜಕ ಅಂಗಾಂಶ. ಹಗ್ಗದ ಹಾಗಿರುವುದು ಸ್ನಾಯುರಜ್ಜು ಮತ್ತು ಅಸ್ಥಿರಜ್ಜು. ಹಾಸಿಗೆ ಹತ್ತಿಯ ಹಾಗಿರುವುದು ಚರ್ಮದ ಒಳಪದರ.

ಹೋಲಿಕೆ ಇಲ್ಲಿಗೆ ಮುಗಿಯಬಾರದು. ಹತ್ತಿಯ ನಡುವೆ ಗಾಳಿ ಇದೆ. ಮೈಯೊಳಗೆ ಆ ಜಾಗದಲ್ಲಿ ನೀರು ಹಿಡಿದಿಟ್ಟುಕೊಂಡ ಅಂಟಾದ ದ್ರವ್ಯ ಇದೆ. ನಾರು ಮತ್ತು ಈ ಅಂಟುದ್ರವ್ಯ ಸೇರಿದರೆ ಮಾತೃಕೆ. ಅದರಲ್ಲಿ ಅಲ್ಲೊಂದು ಇಲ್ಲೊಂದು ಜೀವಕೋಶ ಕೂತಿರುತ್ತದೆ. ಮೈಗೂ ಅಂಗಗಳಿಗೂ ಹೊದಿಕೆಯಾಗಿರುವ ಅನುಲೇಪಕ ಅಂಗಾಂಶದಲ್ಲಿ ಕೋಶಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಇಲ್ಲಿ ದೂರ ದೂರ ಇರುತ್ತವೆ. ಇದೊಂದು ವ್ಯತ್ಯಾಸ ಮನಸ್ಸಿಗೆ ಬಂದರೆ ಇಟ್ಟಿಗೆ ಗೋಡೆಯ ಚಿತ್ರ ತಾನಾಗಿಯೇ ನಿಲ್ಲುತ್ತದೆ.

ನಾರಿನಲ್ಲಿ ಮೂರು ಬಗೆ. ಕೊಲ್ಯಾಜನ್ ಎಳೆತ ತಡೆಯುತ್ತದೆ. ಎಲಾಸ್ಟಿಕ್ ನಾರು ಹಿಗ್ಗಿ ಮತ್ತೆ ಕುಗ್ಗುತ್ತದೆ. ರೆಟಿಕ್ಯುಲರ್ ನಾರು ತೆಳು ಬಲೆ, ಯಕೃತ್ತು, ಗುಲ್ಮ, ದುಗ್ಧರಸ ಗ್ರಂಥಿಯಂಥ ಅಂಗಗಳ ಒಳಗೆ ಹಂದರದ ಹಾಗೆ ಇರುತ್ತದೆ. ನಮ್ಮ ಮೈಯ ಪ್ರೋಟೀನಿನಲ್ಲಿ ಸುಮಾರು ಕಾಲು ಭಾಗಕ್ಕಿಂತ ಜಾಸ್ತಿ ಕೊಲ್ಯಾಜನ್ನೇ.

## ಹಂತ 2: ಚರ್ಮ ಬಿಡಿಸುವಾಗ ಮಧ್ಯದಲ್ಲಿ ನಿಲ್ಲಿಸಿ

ತೊಡೆಯ ಚರ್ಮದ ಅಂಚನ್ನು ಚಿಮಟದಿಂದ ಹಿಡಿದು ನಿಧಾನ ಎತ್ತಿ. ಒಂದೇ ಸಲ ಕೀಳಬೇಡಿ. ಚರ್ಮಕ್ಕೂ ಸ್ನಾಯುವಿಗೂ ಮಧ್ಯೆ ತೆಳ್ಳಗೆ, ಪಾರದರ್ಶಕವಾಗಿ, ಜೇಡರ ಬಲೆಯ ಹಾಗೆ ಏನೋ ಹಿಗ್ಗುತ್ತದೆ. ಅಲ್ಲೇ ನಿಲ್ಲಿಸಿ, ಎಲ್ಲರಿಗೂ ತೋರಿಸಿ. ಪುಸ್ತಕದಲ್ಲಿ ಎರಡು ಸಾಲಿನಲ್ಲಿ ಮುಗಿಯುವ ಏರಿಯೋಲಾರ್ ಅಂಗಾಂಶ ಇದೇ. ಚರ್ಮ ಮತ್ತು ಸ್ನಾಯುವಿನ ನಡುವೆ, ರಕ್ತನಾಳದ ಸುತ್ತ, ನರದ ಸುತ್ತ, ಅಂಗಗಳ ನಡುವಿನ ಸಂದಿಯಲ್ಲಿ ಎಲ್ಲೆಲ್ಲೂ ಇದು ತುಂಬಿಕೊಂಡಿದೆ.

ಅದರ ಪಕ್ಕದಲ್ಲೇ ಹಳದಿ ಉಂಡೆಗಳು ಕಾಣುತ್ತವೆ. ಅದು ಅಡಿಪೋಸ್, ಕೊಬ್ಬಿನ ಅಂಗಾಂಶ. ಬೆರಳಲ್ಲಿ ಉಜ್ಜಿದರೆ ಜಿಡ್ಡು ಹತ್ತುತ್ತದೆ. ಇಲ್ಲಿ ಮಕ್ಕಳು ಒಳ್ಳೆಯ ಪ್ರಶ್ನೆ ಕೇಳುತ್ತಾರೆ: "ಮೇಡಂ, ಇದರಲ್ಲಿ ಕೋಶಗಳು ಒತ್ತೊತ್ತಾಗಿಯೇ ಇವೆಯಲ್ಲ?" ನಿಜ, ಇದು ಸ್ವಲ್ಪ ಬೇರೆ ಥರ. ಕೊಬ್ಬಿನ ಕೋಶ ಉಬ್ಬಿ ಜಾಗ ತುಂಬುವುದರಿಂದ ಮಾತೃಕೆ ಕಡಿಮೆ ಉಳಿಯುತ್ತದೆ. ಆದರೂ ಅದು ಹುಟ್ಟಿದ್ದು ಸಡಿಲ ಸಂಯೋಜಕ ಅಂಗಾಂಶದ ಕುಟುಂಬದಲ್ಲೇ. ಶಕ್ತಿ ಕೂಡಿಡುವುದು, ಬಿಸಿ ಹೊರಗೆ ಹೋಗದಂತೆ ತಡೆಯುವುದು, ಪೆಟ್ಟು ಬಿದ್ದಾಗ ಮೆತ್ತೆಯಂತೆ ಕಾಯುವುದು ಅದರ ಕೆಲಸ.

ಸೂಕ್ಷ್ಮದರ್ಶಕ ಇದ್ದರೆ ಆ ಜೇಡರ ಬಲೆಯಿಂದ ಅಕ್ಕಿ ಕಾಳಿನಷ್ಟು ತೆಗೆದು ಉಪ್ಪುನೀರಿನ ಹನಿಯಲ್ಲಿ ಹಾಕಿಡಿ. ಬರೀ ನೀರು ಬೇಡ, ಕೋಶಗಳು ನೀರು ಕುಡಿದು ಊದಿಕೊಳ್ಳುತ್ತವೆ. ಎಂಟನೇ ಹಂತದಲ್ಲಿ ಇದು ಬೇಕು.

## ಹಂತ 3: ಹುರಿ ಎಳೆದು ಬೆರಳು ಮಡಚಿಸಿ

ಮಕ್ಕಳು ವರ್ಷವಿಡೀ ನೆನಪಿಡುವ ಹಂತ ಇದು. ಅವಸರ ಮಾಡಬೇಡಿ.

ಬೇರೆಯಾಗಿ ತಂದ ಪಾದದ ಮೇಲ್ತುದಿಯಲ್ಲಿ, ಕಡಿದ ಜಾಗದ ಸುತ್ತ ಒಂದು ಇಂಚು ಚರ್ಮ ಬಿಡಿಸಿ. ಹಿಂಬದಿಯಲ್ಲಿ ಹೊಳೆಯುವ ಬಿಳಿ ಹುರಿಗಳು ಕಾಣುತ್ತವೆ. ಹಲ್ಲುಕಡ್ಡಿಯಿಂದ ಒಂದೊಂದನ್ನೇ ಬೇರೆ ಮಾಡಿ. ಒಂದನ್ನು ಚಿಮಟದಿಂದ ಹಿಡಿದು ಎಳೆಯಿರಿ. ಬೆರಳು ಮಡಚಿಕೊಳ್ಳುತ್ತದೆ! ಮುಂಬದಿಯ ಹುರಿ ಎಳೆದರೆ ಬೆರಳು ಬಿಚ್ಚಿಕೊಳ್ಳುತ್ತದೆ.

ಕೋಳಿ ಸತ್ತಿದೆ, ಸ್ನಾಯು ಮೇಲೆಯೇ ಕಡಿದು ಹೋಗಿದೆ. ಹಾಗಾದರೆ ಬೆರಳು ಯಾಕೆ ಅಲುಗಿತು ಎಂದು ಕೇಳಿ. ಈಗ ಸ್ನಾಯುವಿನ ಕೆಲಸವನ್ನು ನಿಮ್ಮ ಕೈ ಮಾಡಿತು. ಹುರಿ ಆ ಬಲವನ್ನು ಎಲುಬಿಗೆ ದಾಟಿಸಿತು. ಸ್ನಾಯುರಜ್ಜುವಿನ ಕೆಲಸ ಅಷ್ಟೇ. ಅದು ತಾನಾಗಿ ಕುಗ್ಗುವುದಿಲ್ಲ, ಹಿಗ್ಗುವುದೂ ಬಹಳ ಕಡಿಮೆ. ರಬ್ಬರಿನಂತೆ ಹಿಗ್ಗುವ ಹಾಗಿದ್ದರೆ ನೀವು ಎಳೆದ ಬಲ ದಾರಿಯಲ್ಲೇ ಕರಗಿ ಹೋಗುತ್ತಿತ್ತು, ಅಲ್ವಾ?

ಇನ್ನು ಕಾಲಿನ ಕಡೆ ಬನ್ನಿ. ಕೆಳಗಿನ ಗಂಟಿನ ಹತ್ತಿರ ಕೆಂಪು ಮಾಂಸ ತೆಳ್ಳಗಾಗುತ್ತಾ ಬಿಳಿ ಹುರಿಯಾಗಿ ಮಾರ್ಪಡುವ ಜಾಗ ಹುಡುಕಿ. ಒಂದು ತುದಿ ಸ್ನಾಯುವಿನಲ್ಲಿ, ಇನ್ನೊಂದು ತುದಿ ಎಲುಬಿನಲ್ಲಿ. ಮಕ್ಕಳು ಎರಡೂ ತುದಿಗಳನ್ನು ಬೆರಳಿಟ್ಟು ತೋರಿಸಲಿ.

## ಹಂತ 4: ಕೀಲನ್ನು ಕೊನೆಗೆ ಬಿಡಿಸಿ

ಸಾಮಾನ್ಯ ತಪ್ಪು: ಉತ್ಸಾಹದಲ್ಲಿ ಮೊದಲೇ ತೊಡೆಯನ್ನೂ ಕೆಳಗಾಲನ್ನೂ ಮುರಿದು ಬೇರೆ ಮಾಡುವುದು. ಕೀಲು ಒಮ್ಮೆ ಬೇರೆಯಾದರೆ ಯಾವುದು ಯಾವುದಕ್ಕೆ ಅಂಟಿತ್ತು ಎಂದು ತಿಳಿಯುವುದೇ ಇಲ್ಲ. ಈ ಪಾಠಕ್ಕೆ ಆ ಅಂಟೇ ಉತ್ತರ.

ಮಂಡಿಯ ಸುತ್ತಲಿನ ಮಾಂಸವನ್ನು ಕತ್ತರಿಯಿಂದ ಸ್ವಲ್ಪ ಸ್ವಲ್ಪವಾಗಿ ತೆಗೆಯಿರಿ. ಮಾಂಸದ ಜೊತೆ ಬರುವ ಹುರಿಗಳೆಲ್ಲ ಸ್ನಾಯುರಜ್ಜು. ಮಾಂಸವೆಲ್ಲ ಹೋದ ಮೇಲೂ ಎರಡು ಎಲುಬನ್ನು ಹಿಡಿದುಕೊಂಡಿರುವ ಪಟ್ಟಿಗಳು ಅಸ್ಥಿರಜ್ಜು. ಎಡಕ್ಕೊಂದು ಬಲಕ್ಕೊಂದು ಸುಲಭವಾಗಿ ಸಿಗುತ್ತವೆ. ಅವನ್ನು ಕತ್ತರಿಸಿ ಕೀಲು ಬಾಯಿ ಬಿಡಿಸಿದರೆ ಒಳಗೆ ಅಡ್ಡಡ್ಡ ಹೋಗುವ ಇನ್ನೆರಡು ಚಿಕ್ಕ ಹುರಿಗಳು ಕಾಣುತ್ತವೆ. ಕ್ರಿಕೆಟ್, ಕಬಡ್ಡಿ ಆಡುವವರ ಮಂಡಿಯಲ್ಲಿ ಹರಿಯಿತು ಎನ್ನುವುದು ಇಂಥವೇ.

ಎರಡರ ಹೆಸರು ಅದಲುಬದಲಾಗದಿರಲು ಕನ್ನಡವೇ ಸಹಾಯ ಮಾಡುತ್ತದೆ. ಸ್ನಾಯುರಜ್ಜು ಹೆಸರಿನಲ್ಲೇ ಸ್ನಾಯು ಇದೆ, ಒಂದು ತುದಿ ಸ್ನಾಯುವಿಗೆ. ಅಸ್ಥಿರಜ್ಜು ಹೆಸರಿನಲ್ಲಿ ಅಸ್ಥಿ ಬಿಟ್ಟು ಬೇರೇನಿಲ್ಲ, ಎರಡೂ ತುದಿ ಎಲುಬಿಗೆ. ನನ್ನ ತರಗತಿಯಲ್ಲಿ ಈ ಮಾತು ಹೇಳಿದ ಮೇಲೆ ಅದಲುಬದಲು ಬಹಳ ಕಡಿಮೆಯಾಗಿದೆ.

ಅಸ್ಥಿರಜ್ಜುವಿಗೂ ಕೊಲ್ಯಾಜನ್ನೇ ಮುಖ್ಯ. ಕೆಲವು ಕಡೆ ಎಲಾಸ್ಟಿಕ್ ನಾರು ಜಾಸ್ತಿ ಇರುತ್ತದೆ, ಕೀಲು ಸ್ವಲ್ಪ ಬಾಗಿ ಮತ್ತೆ ಜಾಗಕ್ಕೆ ಬರಲು ಅದು ಅನುಕೂಲ. ಎರಡಕ್ಕೂ ರಕ್ತದ ಪೂರೈಕೆ ಕಡಿಮೆ. ಹಾಗಾಗಿ ಉಳುಕಿದ ಕಾಲು ವಾಸಿಯಾಗಲು ವಾರಗಟ್ಟಲೆ ಹಿಡಿಯುತ್ತದೆ.

## ಹಂತ 5: ಮೃದ್ವಸ್ಥಿ, ಹೆಸರೇ ದಾರಿ ತಪ್ಪಿಸುವ ಜಾಗ

ಹಿಂದಿನ ಹಂತದಲ್ಲಿ ಹೆಸರು ಸಹಾಯ ಮಾಡಿತು. ಇಲ್ಲಿ ಅದೇ ಹೆಸರು ದಾರಿ ತಪ್ಪಿಸುತ್ತದೆ. ಮೃದು ಮತ್ತು ಅಸ್ಥಿ ಸೇರಿ ಮೃದ್ವಸ್ಥಿ. ಕೇಳಿದವರಿಗೆ "ಮೆತ್ತನೆ ಎಲುಬು" ಅನಿಸುವುದು ಸಹಜ. ಆದರೆ ಅದು ಎಲುಬಿನ ಒಂದು ಬಗೆ ಅಲ್ಲವೇ ಅಲ್ಲ, ಬೇರೆಯೇ ಅಂಗಾಂಶ.

ಬಿಡಿಸಿದ ಕೀಲಿನ ತುದಿ ನೋಡಿ. ನುಣುಪಾಗಿ, ಹಾಲು ಬೆರೆಸಿದ ಗಾಜಿನ ಹಾಗೆ ಹೊಳೆಯುತ್ತದೆ. ಉಗುರಿನಿಂದ ಒತ್ತಿದರೆ ಸ್ವಲ್ಪ ತಗ್ಗುತ್ತದೆ, ಮತ್ತೆ ಏಳುತ್ತದೆ. ಇದು ಹಯಲೈನ್ ಮೃದ್ವಸ್ಥಿ. ಎರಡು ಎಲುಬಿನ ಮಧ್ಯೆ ಸಣ್ಣ ಮೆತ್ತೆಗಳಂಥ ಎರಡು ತುಣುಕು ಸಿಕ್ಕರೆ ಅವು ನಾರಿನ ಮೃದ್ವಸ್ಥಿ, ಒತ್ತಡ ತಾಳಲು ಮಾಡಿದಂಥವು. ನಮ್ಮ ಬೆನ್ನುಹುರಿ ಕಾಯುವ ಕಶೇರುಗಳ ನಡುವಿನ ಬಿಲ್ಲೆಯೂ ಇದೇ ಜಾತಿ. ಮೂರನೆಯದು ಎಲಾಸ್ಟಿಕ್, ಕಿವಿಯಲ್ಲಿ ಈಗಾಗಲೇ ಮುಟ್ಟಿ ನೋಡಿದ್ದೀರಿ.

ಮೃದ್ವಸ್ಥಿಯನ್ನು ಕತ್ತರಿಸಿದರೆ ರಕ್ತ ಬರುವುದಿಲ್ಲ. ಅದರೊಳಗೆ ರಕ್ತನಾಳವೇ ಇಲ್ಲ. ಕೋಶಗಳು ಸಣ್ಣ ಗೂಡಿನಲ್ಲಿ ಕೂತು, ಮಾತೃಕೆಯ ಮೂಲಕ ನಿಧಾನ ಇಳಿದು ಬರುವ ಆಹಾರದಲ್ಲೇ ಬದುಕುತ್ತವೆ. ಸವೆದ ಮಂಡಿ ಸುಲಭಕ್ಕೆ ಸರಿಹೋಗದಿರಲು ಇದು ದೊಡ್ಡ ಕಾರಣ.

"ಹುಟ್ಟುವ ಮುಂಚೆ ಎಲುಬು ಮೃದ್ವಸ್ಥಿ ಆಗಿರುತ್ತದಲ್ಲ, ಅದೇ ಗಟ್ಟಿಯಾಗುವುದು ತಾನೇ?" ಎಂದು ಜಾಣ ಮಗು ಕೇಳಿಯೇ ಕೇಳುತ್ತದೆ. ಅರ್ಧ ಸರಿ. ಬಹಳಷ್ಟು ಎಲುಬುಗಳಿಗೆ ಮೊದಲು ಮೃದ್ವಸ್ಥಿಯ ಅಚ್ಚು ಇರುತ್ತದೆ. ಆಮೇಲೆ ಆ ಅಚ್ಚು ಕರಗಿ, ಅದರ ಜಾಗದಲ್ಲಿ ಹೊಸ ಕೋಶಗಳು ಬಂದು ಎಲುಬು ಕಟ್ಟುತ್ತವೆ. ಮಣ್ಣಿನ ಗೋಡೆ ಕೆಡವಿ ಕಲ್ಲಿನ ಗೋಡೆ ಎಬ್ಬಿಸಿದ ಹಾಗೆ. ಮಣ್ಣೇ ಕಲ್ಲಾಗುವುದಿಲ್ಲ.

ಗಮನಿಸಿ: ಶ್ವಾಸನಾಳದ ಮೃದ್ವಸ್ಥಿ ಉಂಗುರ ತೋರಿಸಲು ಕೋಳಿಯದನ್ನು ತರಬೇಡಿ. ಹಕ್ಕಿಗಳಲ್ಲಿ ಆ ಉಂಗುರ ಪೂರ್ತಿ ಸುತ್ತು ಇರುತ್ತದೆ. ನಮ್ಮಲ್ಲಿ ಹಿಂಬದಿ ತೆರೆದಿರುತ್ತದೆ. ಕುರಿ, ಮೇಕೆಯದು ನಮ್ಮ ಹಾಗೇ.

## ಹಂತ 6: ಎಲುಬು, ವಿನೆಗರ್ ಮತ್ತು ಕೆಂಡ

ಎರಡು ಒಂದೇ ಗಾತ್ರದ ತೆಳು ಎಲುಬು ಆರಿಸಿ, ಮಾಂಸ ಪೂರ್ತಿ ಕೆರೆದು ತೊಳೆಯಿರಿ. ಒಂದನ್ನು ವಿನೆಗರ್ ತುಂಬಿದ ಡಬ್ಬಿಗೆ ಹಾಕಿ. ಸಣ್ಣ ಗುಳ್ಳೆಗಳು ಏಳುತ್ತವೆ, ಅದು ಇಂಗಾಲದ ಡೈಆಕ್ಸೈಡ್. ಮುಚ್ಚಳ ಬಿಗಿ ಮಾಡಬೇಡಿ. ಎರಡು ದಿನಕ್ಕೊಮ್ಮೆ ವಿನೆಗರ್ ಬದಲಿಸಿ. ಬದಲಿಸದಿದ್ದರೆ ಹುಳಿ ತೀರಿಹೋಗಿ ಎಲುಬು ಅರ್ಧಕ್ಕೇ ನಿಲ್ಲುತ್ತದೆ, ಬಹಳ ಜನ ಸೋಲುವುದು ಇಲ್ಲೇ. ಐದರಿಂದ ಏಳು ದಿನಕ್ಕೆ ಎಲುಬು ರಬ್ಬರಿನಂತೆ ಬಾಗುತ್ತದೆ.

ಇನ್ನೊಂದನ್ನು ಬಯಲಿನಲ್ಲಿ, ದೊಡ್ಡವರ ಎದುರಿಗೆ, ಕೆಂಡದಲ್ಲಿ ಚೆನ್ನಾಗಿ ಸುಡಿ. ಆರಿದ ಮೇಲೆ ಆಕಾರ ಹಾಗೇ ಇರುತ್ತದೆ. ಒತ್ತಿದರೆ ಪುಡಿಯಾಗುತ್ತದೆ.

ಎರಡನ್ನೂ ಪಕ್ಕಪಕ್ಕ ಇಡಿ. ವಿನೆಗರ್ ಕ್ಯಾಲ್ಸಿಯಂ ಲವಣಗಳನ್ನು ಕರಗಿಸಿತು, ಕೊಲ್ಯಾಜನ್ ಉಳಿಯಿತು. ಬೆಂಕಿ ಕೊಲ್ಯಾಜನ್ ಸುಟ್ಟಿತು, ಲವಣ ಉಳಿಯಿತು. ಬಾಗುವ ಗುಣ ನಾರಿನದು, ಗಟ್ಟಿತನ ಲವಣದ್ದು. ಎರಡೂ ಒಂದೇ ಮಾತೃಕೆಯಲ್ಲಿ ಸೇರಿದರೆ ಎಲುಬು.

ಎಲುಬಿನ ಕೋಶಗಳನ್ನು ಕೆಲಸದಿಂದ ನೆನಪಿಡಿ. ಆಸ್ಟಿಯೋಬ್ಲಾಸ್ಟ್ ಕಟ್ಟುತ್ತದೆ. ಕಟ್ಟಿದ ಮಾತೃಕೆಯಲ್ಲಿ ತಾನೇ ಸಿಕ್ಕಿಕೊಂಡರೆ ಅದು ಆಸ್ಟಿಯೋಸೈಟ್. ಆಸ್ಟಿಯೋಕ್ಲಾಸ್ಟ್ ಹಳೆಯ ಎಲುಬನ್ನು ಕರಗಿಸುತ್ತದೆ. ಅದು ದೊಡ್ಡ ಕೋಶ, ಹಲವು ಕೋಶಕೇಂದ್ರ ಇರುತ್ತವೆ. ಕಟ್ಟುವ ಕೆಲಸವೂ ಕೆಡವುವ ಕೆಲಸವೂ ಜೀವನವಿಡೀ ನಡೆಯುತ್ತವೆ.

### ನಮ್ಮ ಕೊಳವೆ ಬಾವಿಯ ನೀರಿನ ಮಾತು

ಎಲುಬಿನ ಪಾಠ ಮಾಡುವಾಗ ನಮ್ಮ ಜಿಲ್ಲೆಗಳಲ್ಲಿ ಫ್ಲೋರೈಡ್ ಬಗ್ಗೆ ಹೇಳದೆ ಮುಂದೆ ಹೋಗಬಾರದು. ಕೊಪ್ಪಳ, ರಾಯಚೂರು, ಬಳ್ಳಾರಿಯ ಹಲವು ಹಳ್ಳಿಗಳ ಅಂತರ್ಜಲದಲ್ಲಿ ಅದು ಜಾಸ್ತಿ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ವರ್ಷಗಟ್ಟಲೆ ಇದಕ್ಕಿಂತ ಬಹಳ ಜಾಸ್ತಿ ಹೊಟ್ಟೆಗೆ ಹೋದರೆ ಎಲುಬಿನ ರಚನೆ ಬದಲಾಗುತ್ತದೆ. ಅಸ್ಥಿರಜ್ಜುವಿನಲ್ಲಿ, ಸ್ನಾಯುರಜ್ಜು ಎಲುಬಿಗೆ ಅಂಟುವ ಜಾಗದಲ್ಲಿ ಕ್ಯಾಲ್ಸಿಯಂ ಕೂರುತ್ತದೆ. ಬಾಗಬೇಕಾದ ಹುರಿ ಬಿರುಸಾಗುತ್ತದೆ. ಬೆನ್ನು, ಕುತ್ತಿಗೆ ಬಗ್ಗುವುದು ಕಷ್ಟವಾಗುತ್ತದೆ. ನಾಲ್ಕನೇ ಹಂತದಲ್ಲಿ ಮುಟ್ಟಿದ ಆ ಪಟ್ಟಿ ಕಲ್ಲಿನಂತಾದರೆ ಏನಾಗಬಹುದು ಎಂದು ಮಕ್ಕಳೇ ಹೇಳುತ್ತಾರೆ.

ಇಲ್ಲಿ ಎರಡು ತಪ್ಪು ನಂಬಿಕೆ ಇವೆ. ನೀರು ಕುದಿಸಿದರೆ ಫ್ಲೋರೈಡ್ ಹೋಗುತ್ತದೆ ಎನ್ನುವುದು ಒಂದು. ಅದು ಹೋಗುವುದಿಲ್ಲ. ನೀರು ಆವಿಯಾಗಿ ಅದರ ಪ್ರಮಾಣ ಹೆಚ್ಚುತ್ತದೆ. ಶುದ್ಧ ನೀರಿನ ಘಟಕದ ಆರ್‌ಒ ನೀರು ಕುಡಿಯಲಿಕ್ಕೂ ಅಡುಗೆಗೂ ಎರಡಕ್ಕೂ ಬೇಕು. ಇನ್ನೊಂದು, ಹಲ್ಲಿನ ಮೇಲಿನ ಕಂದು ಕಲೆಯೂ ಸಂಯೋಜಕ ಅಂಗಾಂಶದ್ದೇ ಎನ್ನುವುದು. ಆ ಕಲೆ ಹಲ್ಲಿನ ಹೊರಪದರವಾದ ಎನಾಮಲ್‌ನಲ್ಲಿ ಆಗುವಂಥದ್ದು. ಎನಾಮಲ್ ಸಂಯೋಜಕ ಅಂಗಾಂಶ ಅಲ್ಲ, ಅನುಲೇಪಕ ಕೋಶಗಳು ಅದನ್ನು ಮಾಡುತ್ತವೆ. ಕೀಲು ನೋವಿರುವ ಅಜ್ಜ ಅಜ್ಜಿಯರಿಗೆಲ್ಲ ಇದೇ ಕಾಯಿಲೆ ಎಂದು ಮಕ್ಕಳು ತೀರ್ಮಾನ ಮಾಡದಿರಲಿ. ನೋವಿಗೆ ಬೇರೆ ಕಾರಣಗಳೂ ಇರುತ್ತವೆ, ವೈದ್ಯರು ನೋಡಿ ಹೇಳಬೇಕು.

## ಹಂತ 7: ರಕ್ತ ಏನನ್ನು ಜೋಡಿಸುತ್ತದೆ?

ಹಿಂದಿನ ಹಂತಗಳನ್ನು ಸರಿಯಾಗಿ ಮಾಡಿದ್ದರೆ ಇದು ಐದು ನಿಮಿಷದ ಕೆಲಸ. ಕೋಶಗಳ ನಡುವೆ ಏನಿದೆ ಎಂಬ ಹಳೆಯ ಪ್ರಶ್ನೆಯನ್ನೇ ಕೇಳಿ. ಉತ್ತರ ಪ್ಲಾಸ್ಮಾ, ರಕ್ತದ ದ್ರವ ಭಾಗ. ಅದೇ ರಕ್ತದ ಮಾತೃಕೆ, ರಕ್ತದ ನೂರು ಭಾಗದಲ್ಲಿ ಸುಮಾರು 55 ಭಾಗ. ಉಳಿದ 45 ಭಾಗ ಕೆಂಪು ಕೋಶ, ಬಿಳಿ ಕೋಶ, ಕಿರುತಟ್ಟೆಗಳು. ಬೇರೆ ಸಂಯೋಜಕ ಅಂಗಾಂಶಗಳಂತೆ ಇದೂ ಭ್ರೂಣದ ಮಧ್ಯಪದರದಿಂದ ಹುಟ್ಟಿದ್ದು. ಆಮ್ಲಜನಕ, ಆಹಾರ, ಹಾರ್ಮೋನು ಹೊತ್ತು ಇಡೀ ಮೈಯ ಭಾಗಗಳನ್ನು ಜೋಡಿಸುತ್ತದೆ.

ನಾರು ಎಲ್ಲಿದೆ ಎಂದು ಕೇಳುವ ಮಗುವಿಗೆ ಕೋಳಿ ಅಂಗಡಿಯಲ್ಲಿ ಹೆಪ್ಪುಗಟ್ಟಿದ ರಕ್ತ ನೆನಪಿಸಿ. ಫೈಬ್ರಿನೋಜನ್ ಎಂಬ ಪ್ರೋಟೀನು ಪ್ಲಾಸ್ಮಾದಲ್ಲಿ ಕರಗಿರುತ್ತದೆ. ಗಾಯವಾದಾಗ ಅದೇ ಫೈಬ್ರಿನ್ ನಾರಾಗಿ ಬಲೆ ಹೆಣೆಯುತ್ತದೆ.

ಎಚ್ಚರಿಕೆ: ಕೋಳಿ ರಕ್ತದ ಸ್ಲೈಡಿನಲ್ಲಿ ಕೆಂಪು ಕೋಶ ಮೊಟ್ಟೆಯಾಕಾರ ಇರುತ್ತದೆ, ಒಳಗೆ ಕೋಶಕೇಂದ್ರವೂ ಇರುತ್ತದೆ. ಮನುಷ್ಯರ ಬಲಿತ ಕೆಂಪು ಕೋಶದಲ್ಲಿ ಕೋಶಕೇಂದ್ರ ಇಲ್ಲ. ಕಂಡದ್ದನ್ನು ಹಾಗೇ ಮನುಷ್ಯರ ರಕ್ತ ಎಂದು ಬಿಡಿಸಿದರೆ ಅಂಕ ಹೋಗುತ್ತದೆ. ಮಕ್ಕಳ ಬೆರಳು ಚುಚ್ಚಿ ರಕ್ತ ತೆಗೆಯುವುದಂತೂ ಬೇಡವೇ ಬೇಡ. ಒಂದೇ ಸೂಜಿ ಇಬ್ಬರಿಗೆ ತಾಗಿದರೆ ಸೋಂಕು ಹರಡುತ್ತದೆ.

## ಹಂತ 8: ಈಗ ಸೂಕ್ಷ್ಮದರ್ಶಕ

ಎರಡನೇ ಹಂತದಲ್ಲಿ ತೆಗೆದಿಟ್ಟ ತುಣುಕನ್ನು ಸ್ಲೈಡಿನ ಮೇಲೆ ಎರಡು ಸೂಜಿಯಿಂದ ನಾಲ್ಕೂ ಕಡೆ ಎಳೆದು, ಹಪ್ಪಳದಂತೆ ತೆಳ್ಳಗೆ ಹರಡಿ. ಫ್ಯಾನ್ ಆಫ್ ಮಾಡಿ, ಇಲ್ಲದಿದ್ದರೆ ನಿಮಿಷದಲ್ಲಿ ಒಣಗುತ್ತದೆ. ಒಂದು ಹನಿ ಮೀಥಿಲೀನ್ ಬ್ಲೂ ಹಾಕಿ ಒಂದೆರಡು ನಿಮಿಷ ಬಿಡಿ. ಹೆಚ್ಚಿನ ಬಣ್ಣವನ್ನು ಉಪ್ಪುನೀರಿನಿಂದ ತೊಳೆದು ಕವರ್ ಸ್ಲಿಪ್ ಇಡಿ. ಮೊದಲು 10 ಪಟ್ಟಿನ ಮಸೂರ, ಆಮೇಲೆ 40.

ಅಲೆಯಲೆಯಾಗಿ ಕಟ್ಟು ಕಟ್ಟಾಗಿ ಹೋಗುವುದು ಕೊಲ್ಯಾಜನ್. ಒಂಟಿಯಾಗಿ, ತೆಳ್ಳಗೆ, ಕವಲೊಡೆದು ಹೋಗುವುದು ಎಲಾಸ್ಟಿಕ್. ನಾರಿನ ಪಕ್ಕ ಉದ್ದುದ್ದ ನೀಲಿ ಚುಕ್ಕೆಗಳು ಬಹುಪಾಲು ಫೈಬ್ರೋಬ್ಲಾಸ್ಟ್‌ನ ಕೋಶಕೇಂದ್ರ. ನಾರನ್ನೂ ಅಂಟುದ್ರವ್ಯವನ್ನೂ ತಯಾರಿಸುವುದು ಈ ಕೋಶವೇ. ಆ ಕೆಲಸಕ್ಕೆ ಅದಕ್ಕೆ ವಿಟಮಿನ್ ಸಿ ಬೇಕು. ಸಿ ಸಿಗದಿದ್ದರೆ ಕೊಲ್ಯಾಜನ್ ಎಳೆಗಳು ಗಟ್ಟಿಯಾಗಿ ಹೆಣೆದುಕೊಳ್ಳುವುದಿಲ್ಲ. ವಸಡಿನಲ್ಲಿ ರಕ್ತ ಬರುತ್ತದೆ, ಗಾಯ ಮಾಯುವುದಿಲ್ಲ. ಅದೇ ಸ್ಕರ್ವಿ.

ಇದೇ ಅಂಗಾಂಶದಲ್ಲಿ ಇನ್ನೂ ಮೂರು ಬಗೆಯ ಕೋಶಗಳಿವೆ. ಮ್ಯಾಕ್ರೋಫೇಜ್ ರೋಗಾಣುವನ್ನೂ ಸತ್ತ ಕೋಶವನ್ನೂ ನುಂಗುತ್ತದೆ. ಮಾಸ್ಟ್ ಕೋಶ ಹಿಸ್ಟಮಿನ್ ಬಿಡುತ್ತದೆ, ಸೊಳ್ಳೆ ಕಚ್ಚಿದ ಜಾಗ ಊದಿ ತುರಿಸುವುದು ಅದರಿಂದಲೇ. ಪ್ಲಾಸ್ಮಾ ಕೋಶ ಪ್ರತಿಕಾಯ ತಯಾರಿಸುತ್ತದೆ. ಶಾಲೆಯ ಸ್ಲೈಡಿನಲ್ಲಿ ಈ ಮೂರನ್ನು ಗುರುತಿಸುವುದು ಕಷ್ಟ. ಕಾಣಲಿಲ್ಲ ಎಂದು ಬೇಸರ ಬೇಡ, ಕಾಣದ್ದನ್ನು ಬಿಡಿಸಲೂ ಬೇಡ.

ಮೋಸ ಮಾಡುವ ನೋಟಗಳು ಕೆಲವಿವೆ. ಕಪ್ಪು ದಪ್ಪ ಅಂಚಿನ ದುಂಡು ವೃತ್ತ ಗಾಳಿಗುಳ್ಳೆ, ಕೊಬ್ಬಿನ ಕೋಶ ಅಲ್ಲ. ಇಡೀ ಚಿತ್ರಕ್ಕೆ ಅಡ್ಡಲಾಗಿ ಒಂದೇ ಒಂದು ದಪ್ಪ, ತಿರುಚಿದ ಎಳೆ ಇದ್ದರೆ ಅದು ಬಟ್ಟೆಯ ನೂಲು. ಎಲ್ಲವೂ ಕಡು ನೀಲಿಯಾದರೆ ಬಣ್ಣ ಜಾಸ್ತಿಯಾಯಿತು, ಇನ್ನೊಂದು ಸ್ಲೈಡ್ ಮಾಡಿ. ಸಿದ್ಧ ಸ್ಲೈಡುಗಳಲ್ಲೂ ಎಚ್ಚರ ಬೇಕು. ಕೊಬ್ಬಿನ ಕೋಶ ಬರೀ ಬಿಳಿ ತೂತಿನಂತೆ ಕಾಣುತ್ತದೆ, ಸ್ಲೈಡ್ ತಯಾರಿಸುವಾಗ ಕೊಬ್ಬು ಕರಗಿ ಹೋಗಿರುತ್ತದೆ. ಒಣ ಎಲುಬಿನ ಸ್ಲೈಡಿನ ಕಪ್ಪು ಚುಕ್ಕೆಗಳು ಕೋಶಗಳಲ್ಲ, ಕೋಶ ಇದ್ದ ಗೂಡುಗಳು. ಸ್ನಾಯುರಜ್ಜುವನ್ನು ಸ್ನಾಯು ಎಂದು ಬರೆಯುವವರು ಬಹಳ ಜನ. ಅಡ್ಡ ಪಟ್ಟೆ ಕಂಡರೆ ಸ್ನಾಯು. ಪಟ್ಟೆಯಿಲ್ಲದೆ, ನಾರಿನ ಸಾಲುಗಳ ಸಂದಿಯಲ್ಲಿ ಗೆರೆಯಂಥ ಕೋಶಕೇಂದ್ರಗಳು ಸಾಲಾಗಿ ಇದ್ದರೆ ಸ್ನಾಯುರಜ್ಜು.

## ಹಂತ 9: ಬರೆಯುವ ಕ್ರಮ

ಪ್ರತಿ ಅಂಗಾಂಶಕ್ಕೂ ನಾಲ್ಕೇ ಸಾಲು, ಇದೇ ಕ್ರಮದಲ್ಲಿ: ಮಧ್ಯೆ ಏನಿದೆ, ಅದರಲ್ಲಿ ಯಾವ ಕೋಶ, ಮೈಯಲ್ಲಿ ಎಲ್ಲಿದೆ, ಏನು ಕೆಲಸ. ಚಿತ್ರ ಬಿಡಿಸುವಾಗಲೂ ಮಾತೃಕೆ ಮೊದಲು, ಕೋಶ ಆಮೇಲೆ. ಸ್ನಾಯುರಜ್ಜುವಿಗೆ ಮೊದಲು ಸಮಾನಾಂತರ ಗೆರೆ ಎಳೆದು, ಸಂದಿಯಲ್ಲಿ ಕೋಶಗಳನ್ನು ಸೇರಿಸಲಿ. ಮೃದ್ವಸ್ಥಿಗೆ ಖಾಲಿ ಜಾಗ ಬಿಟ್ಟು, ಅಲ್ಲಲ್ಲಿ ಗೂಡು, ಗೂಡಿನೊಳಗೆ ಕೋಶ.

ಕೆಲಸ ಮುಗಿದ ಮೇಲೆ ಮಾಂಸವನ್ನೆಲ್ಲ ಪೇಪರಿನಲ್ಲಿ ಸುತ್ತಿ, ನಾಯಿ ಕೆದರದಷ್ಟು ಆಳಕ್ಕೆ ಹೂಳಿ. ಪ್ರಯೋಗ ಮಾಡಿದ್ದನ್ನು ಅಡುಗೆಗೆ ಬಳಸಬಾರದು. ಕತ್ತರಿ, ಪರಾತ, ಮೇಜು ಎಲ್ಲ ಸೋಪು ಹಾಕಿ ತೊಳೆಯಬೇಕು, ಎಲ್ಲರೂ ಮೊಣಕೈವರೆಗೆ ಕೈ ತೊಳೆಯಬೇಕು. ವಿನೆಗರ್ ಡಬ್ಬಿಗೆ ತಾರೀಖು ಬರೆದ ಚೀಟಿ ಅಂಟಿಸಿ ಕಿಟಕಿಯ ಹತ್ತಿರ ಇಡಿ. ಮಕ್ಕಳು ಪ್ರತಿ ದಿನ ಬಂದು ಚಿಮಟದಿಂದ ಒತ್ತಿ ನೋಡಿ, ಎಲುಬು ಎಷ್ಟು ಬಾಗಿತು ಎಂದು ಪಕ್ಕದಲ್ಲಿ ಬರೆದಿಡಲಿ.